ಅಂಗಿಯ ಮೇಲಷ್ಟೇ ಊರು

ಕರಾವಳಿಯ ಓದುಗರಲ್ಲಿ ಹಲವರಿಗೆ ಉಧ್ನಾ ಎಂದರೆ ರೈಲಿನ ಬೋರ್ಡಿನ ಮೇಲಿರುವ ಒಂದು ಹೆಸರು. ಮಂಗಳೂರಿನಿಂದ ಕೊಂಕಣ ಮಾರ್ಗವಾಗಿ ಗುಜರಾತಿಗೆ ಹೋಗುವ ವಿಶೇಷ ರೈಲೊಂದು ಅಲ್ಲಿ ಕೊನೆಯಾಗುತ್ತದೆ. ಉಧ್ನಾ ಸೂರತ್ ನಗರದ ದಕ್ಷಿಣ ಭಾಗ. ಪವರ್‌ಲೂಮ್ ಶೆಡ್ಡುಗಳ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ, ಒಂದೇ ಕೋಣೆಯಲ್ಲಿ ಪಾಳಿಯ ಮೇಲೆ ಮಲಗಿ ಏಳುವ ಕಾರ್ಮಿಕರ ಜಾಗ. ಒಡಿಶಾದ ಗಂಜಾಂ ಜಿಲ್ಲೆಯಿಂದ, ಉತ್ತರ ಪ್ರದೇಶ, ಬಿಹಾರಗಳಿಂದ, ಮಹಾರಾಷ್ಟ್ರದ ಖಾನ್‌ದೇಶದಿಂದ ಜನ ಅಲ್ಲಿಗೆ ದುಡಿಯಲು ಬರುತ್ತಾರೆ. 2025ರ ಸೆಪ್ಟೆಂಬರ್ 27ರಂದು ಶುರುವಾದ ಅಮೃತ ಭಾರತ ರೈಲು ಉಧ್ನಾವನ್ನು ನೇರವಾಗಿ ಗಂಜಾಂನ ಬ್ರಹ್ಮಪುರಕ್ಕೆ ಜೋಡಿಸಿದ್ದು ಈ ಕಾರಣಕ್ಕೇ.

ಅಲ್ಲಿ ಮಗ್ಗದ ಕೂಲಿ ಹೆಚ್ಚಾಗಿ ಮೀಟರ್ ಲೆಕ್ಕದ್ದು. ಎಷ್ಟು ಮೀಟರ್ ನೇಯ್ದರೋ ಅಷ್ಟು ದುಡ್ಡು. ಕರೆಂಟು ಹೋದರೆ, ನೂಲು ಬರದಿದ್ದರೆ, ಪೇಟೆಯಲ್ಲಿ ಬೇಡಿಕೆ ಕುಸಿದರೆ ಮಗ್ಗ ನಿಲ್ಲುತ್ತದೆ, ಮಗ್ಗದ ಜೊತೆಗೆ ಕೂಲಿಯೂ ನಿಲ್ಲುತ್ತದೆ. 2020ರ ಮಾರ್ಚ್ ಕೊನೆಯಲ್ಲಿ ಇಡೀ ದೇಶಕ್ಕೆ ಬೀಗ ಬಿದ್ದಾಗ ಸೂರತ್‌ನ ಮಗ್ಗಗಳೂ ನಿಂತವು. ಕೆಲವೇ ದಿನಗಳಲ್ಲಿ ಕಾರ್ಮಿಕರು ಬೀದಿಗೆ ಬಂದರು. ಅವರು ಕೇಳಿದ್ದು ಎರಡೇ: ಸಂಬಳ ಕೊಡಿ, ಇಲ್ಲವೇ ಊರಿಗೆ ಕಳಿಸಿ. ಮಾರ್ಚ್ 29ರಂದು ಕೇಂದ್ರ ಗೃಹ ಇಲಾಖೆ, ಕೆಲಸ ನಿಂತಿದ್ದರೂ ಪೂರ್ತಿ ಸಂಬಳ ಕೊಡಬೇಕು ಎಂದು ಆದೇಶ ಹೊರಡಿಸಿತ್ತು. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. ಮೇ ತಿಂಗಳಲ್ಲಿ ಸರ್ಕಾರ ಆ ಆದೇಶವನ್ನು ಕೈಬಿಟ್ಟಿತು. ಜೂನ್ 12ರಂದು ಕೋರ್ಟು, ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ, ಇಬ್ಬರೂ ಕೂತು ಮಾತಾಡಿಕೊಳ್ಳಿ ಎಂದಿತು. ಅಷ್ಟು ಹೊತ್ತಿಗೆ ಕಾರ್ಮಿಕರಲ್ಲಿ ಎಷ್ಟೋ ಮಂದಿ ಮಾತಾಡಲು ಸೂರತ್‌ನಲ್ಲಿ ಉಳಿದೇ ಇರಲಿಲ್ಲ.

ಆಟದ ಕ್ಲಬ್ಬುಗಳ ಹಣಕಾಸಿನ ಬಗೆಗಿನ ಲೇಖನ ಮಗ್ಗದ ಶೆಡ್ಡಿನಿಂದ ಯಾಕೆ ಶುರುವಾಗಬೇಕು? ವೃತ್ತಿಪರ ಆಟದ ಮುಖ್ಯ ಜಗಳಗಳಲ್ಲಿ ಒಂದು ಹುಟ್ಟಿದ್ದೇ ಇಂಥ ಶೆಡ್ಡುಗಳ ಊರಿನಲ್ಲಿ ಎಂಬ ಕಾರಣಕ್ಕೆ.

ಮುರಿದ ಹೊತ್ತಿನ ಕೂಲಿ

ಇಂಗ್ಲೆಂಡಿನ ಉತ್ತರ ಭಾಗದ ಯಾರ್ಕ್‌ಶೈರ್, ಲ್ಯಾಂಕಶೈರ್‌ಗಳು ಹತ್ತೊಂಬತ್ತನೇ ಶತಮಾನದಲ್ಲಿ ಹತ್ತಿ, ಉಣ್ಣೆ ಗಿರಣಿಗಳ ಮತ್ತು ಕಲ್ಲಿದ್ದಲ ಗಣಿಗಳ ನಾಡು. ಅಲ್ಲಿನ ಕಾರ್ಮಿಕರು ರಗ್ಬಿಯನ್ನು ತಮ್ಮದಾಗಿ ಮಾಡಿಕೊಂಡರು. ಆದರೆ ಅವರಿಗೆ ಶನಿವಾರವೂ ಕೆಲಸ. ಪರ ಊರಿಗೆ ಪಂದ್ಯಕ್ಕೆ ಹೊರಟರೆ ಆ ಹೊತ್ತಿನ ಕೂಲಿ ಹೋಗುತ್ತಿತ್ತು. ಹೀಗೆ ಕಳೆದುಕೊಂಡ ಕೂಲಿಯನ್ನು, ಅವರ ಮಾತಿನಲ್ಲಿ ‘ಮುರಿದ ಹೊತ್ತಿನ’ ದುಡ್ಡನ್ನು, ಕ್ಲಬ್ಬು ತುಂಬಿಕೊಡಲಿ ಎಂದು ಉತ್ತರದ ಕ್ಲಬ್ಬುಗಳು ಕೇಳಿದವು. ಆಟವನ್ನು ಆಳುತ್ತಿದ್ದ ಸಿರಿವಂತರು 1893ರಲ್ಲಿ ಒಪ್ಪಲಿಲ್ಲ. ದುಡ್ಡು ಮುಟ್ಟಿದರೆ ಆಟ ಮೈಲಿಗೆಯಾಗುತ್ತದೆ ಎಂಬುದು ಅವರ ವಾದ. ದುಡ್ಡಿನ ಚಿಂತೆಯೇ ಇಲ್ಲದವರು ಮಾತ್ರ ಮಾಡಬಹುದಾದ ವಾದ.

1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಕ್ಲಬ್ಬುಗಳು ಸೇರಿ ಬೇರೆಯಾದವು. ದಿನಕ್ಕೆ ಆರು ಶಿಲಿಂಗ್‌ವರೆಗೆ ಕೂಲಿ ತುಂಬಿಕೊಡುವುದು ಅವರ ನಿಯಮ. ಆ ಒಡಕಿನಿಂದ ಬೆಳೆದದ್ದೇ ರಗ್ಬಿ ಲೀಗ್ ಎಂಬ ಹದಿಮೂರು ಮಂದಿಯ ಆಟ. ಜಗತ್ತಿನಲ್ಲಿ ಒಂದು ಆಟ ಕೂಲಿಯ ಪ್ರಶ್ನೆಯ ಮೇಲೆಯೇ ಹುಟ್ಟಿತು. ಆ ಪ್ರಶ್ನೆ ಸರಳವಾದದ್ದು: ಆಟ ನಿಂತ ದಿನದ ನಷ್ಟ ಯಾರ ತಲೆಯ ಮೇಲೆ?

ನೂರಮೂವತ್ತು ವರ್ಷಗಳ ನಂತರ ಇದೇ ಪ್ರಶ್ನೆ ಬೆಂಗಳೂರಿಗೆ ಬಂತು. ಭಾರತದ ಫುಟ್‌ಬಾಲ್ ಕೊಟ್ಟ ಉತ್ತರ ಉಧ್ನಾದ ಮಗ್ಗದ ಉತ್ತರವೇ ಆಗಿತ್ತು.

ಪಂಚಾಂಗದಲ್ಲಿದ್ದ ಸಂಕಷ್ಟ

2025ರ ಆಗಸ್ಟ್ ಮೊದಲ ವಾರದಲ್ಲಿ ಬೆಂಗಳೂರು ಎಫ್‌ಸಿ ಒಂದು ಪ್ರಕಟಣೆ ಹೊರಡಿಸಿತು. ಇಂಡಿಯನ್ ಸೂಪರ್ ಲೀಗ್‌ನ ಭವಿಷ್ಯ ಅನಿಶ್ಚಿತವಾಗಿರುವುದರಿಂದ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಲಾಗಿದೆ ಎಂಬುದು ಅದರ ಸಾರ. ಬೆನ್ನಿಗೇ ಚೆನ್ನೈಯಿನ್ ಎಫ್‌ಸಿ ಅದೇ ದಾರಿ ಹಿಡಿಯಿತು. ಒಡಿಶಾ ಎಫ್‌ಸಿ ಒಪ್ಪಂದಗಳನ್ನೇ ಅಮಾನತಿನಲ್ಲಿಟ್ಟಿತು.

ಬೆಂಗಳೂರು ಎಫ್‌ಸಿ ಗಲ್ಲಿಯ ತಂಡವಲ್ಲ. 2013ರಲ್ಲಿ ಜೆಎಸ್‌ಡಬ್ಲ್ಯೂ ಸಂಸ್ಥೆ ಕಟ್ಟಿದ ಕ್ಲಬ್ಬು ಅದು. ಆಡಿದ ಮೊದಲ ವರ್ಷವೇ ಐ–ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ಬಾಯಿತು. 2018–19ರಲ್ಲಿ ಐಎಸ್‌ಎಲ್, 2022ರಲ್ಲಿ ಡ್ಯೂರಾಂಡ್ ಕಪ್ ಗೆದ್ದಿತು. ದೇಶದಲ್ಲಿ ಅಚ್ಚುಕಟ್ಟಿಗೆ ಹೆಸರಾದ ಕ್ಲಬ್ಬು, ದೇಶದ ದೊಡ್ಡ ಉಕ್ಕಿನ ಕಂಪನಿಗಳಲ್ಲಿ ಒಂದರ ಕೂಸು. ಅದೇ ಮೊದಲು ಸಂಬಳ ನಿಲ್ಲಿಸಿತು ಎಂದಾದರೆ ದೋಷ ಒಬ್ಬ ಮಾಲೀಕರದ್ದಲ್ಲ. ಮನೆಯ ತೊಲೆಯಲ್ಲೇ ಗೆದ್ದಲಿದೆ.

ಆ ತೊಲೆ ಯಾವುದು? 2010ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ತನ್ನ ವಾಣಿಜ್ಯ ಹಕ್ಕುಗಳನ್ನೆಲ್ಲ ಹದಿನೈದು ವರ್ಷಗಳಿಗೆ, 700 ಕೋಟಿ ರೂಪಾಯಿಗೆ ರಿಲಯನ್ಸ್ ಪಾಲುದಾರಿಕೆಯ ಕಂಪನಿಗೆ ಬರೆದುಕೊಟ್ಟಿತು. ಆ ಕರಾರಿನ ಬುಡದಲ್ಲಿ 2014ರಲ್ಲಿ ಐಎಸ್‌ಎಲ್ ಮೊಳೆಯಿತು. ಲೀಗ್ ನಡೆಸುತ್ತಿದ್ದುದು ಎಫ್‌ಎಸ್‌ಡಿಎಲ್ ಎಂಬ ಕಂಪನಿ. ಪಂದ್ಯಾವಳಿ ಅದರದ್ದಾಗಿತ್ತು, ಪ್ರಸಾರದ ವ್ಯವಸ್ಥೆ ಅದರದ್ದಾಗಿತ್ತು. ಕ್ಲಬ್ಬುಗಳು ಶುಲ್ಕ ಕಟ್ಟಿ ಅದರಲ್ಲಿ ಆಡಬೇಕಿತ್ತು. ಕರಾರು ಮುಗಿಯುವ ದಿನ 2025ರ ಡಿಸೆಂಬರ್ 8. ಇದು ಗುಟ್ಟಾಗಿರಲಿಲ್ಲ. ಎಲ್ಲರಿಗೂ ಗೊತ್ತಿದ್ದ, ಕಾಗದದ ಮೇಲಿದ್ದ ದಿನ.

ನಂತರ ನಡೆದದ್ದನ್ನು ಕ್ರಮವಾಗಿ ನೋಡಬೇಕು. ಫೆಡರೇಷನ್ನಿನ ಸಂವಿಧಾನದ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿದ್ದುದರಿಂದ ಹೊಸ ಕರಾರು ಬರೆಯುವಂತಿರಲಿಲ್ಲ. ಜುಲೈ 11ರಂದು ಎಫ್‌ಎಸ್‌ಡಿಎಲ್, ಮುಂದಿನ ಕರಾರಿಲ್ಲದೆ ಹೊಸ ಹಂಗಾಮು ಶುರು ಮಾಡಲಾಗದು ಎಂದು ಪತ್ರ ಬರೆಯಿತು. ಆಗಸ್ಟಿನಲ್ಲಿ ಸಂಬಳ ನಿಂತವು. ಸೆಪ್ಟೆಂಬರ್ 19ರಂದು ಕೋರ್ಟಿನ ತೀರ್ಪು ಬಂತು. ಅಕ್ಟೋಬರಿನಲ್ಲಿ ಫೆಡರೇಷನ್ ಟೆಂಡರ್ ಕರೆಯಿತು. ವರ್ಷಕ್ಕೆ ಕನಿಷ್ಠ 37.5 ಕೋಟಿ ರೂಪಾಯಿಯ ಖಾತರಿ ಕೇಳಿದ್ದ ಆ ಟೆಂಡರಿಗೆ, ನವೆಂಬರ್ 7ರ ಗಡುವು ಮುಗಿದಾಗ, ಒಂದೂ ಬಿಡ್ ಬಂದಿರಲಿಲ್ಲ. ಡಿಸೆಂಬರಿನಲ್ಲಿ ಮುಂಬೈ ಸಿಟಿಯ ಪಾಲುದಾರರಾಗಿದ್ದ ಸಿಟಿ ಫುಟ್‌ಬಾಲ್ ಗ್ರೂಪ್ ಗಂಟುಮೂಟೆ ಕಟ್ಟಿತು. 2026ರ ಜನವರಿ 2ರಂದು ಸುನಿಲ್ ಛೆಟ್ರಿ, ಗುರ್‌ಪ್ರೀತ್ ಸಿಂಗ್ ಸಂಧು ಸೇರಿದಂತೆ ಆಟಗಾರರು ವಿಡಿಯೊ ಮಾಡಿ, ನಮ್ಮನ್ನು ಕಾಪಾಡಿ ಎಂದು ಫಿಫಾಗೆ ಮೊರೆಯಿಟ್ಟರು. ನಾಲ್ಕು ದಿನಗಳ ಬಳಿಕ ಕೇಂದ್ರ ಕ್ರೀಡಾ ಸಚಿವ ಮನ್ಸುಖ್ ಮಾಂಡವೀಯ, ಫೆಬ್ರವರಿ 14ರಿಂದ ಹದಿನಾಲ್ಕು ಕ್ಲಬ್ಬುಗಳ ಮೊಟಕು ಲೀಗ್ ನಡೆಯುತ್ತದೆ ಎಂದು ಪ್ರಕಟಿಸಿದರು. ಒಟ್ಟು 91 ಪಂದ್ಯ, ಪ್ರತಿ ಎದುರಾಳಿಯ ಜೊತೆ ಒಂದೇ ಸಲ.

ಕೊರೊನಾ ಬಂದದ್ದು ಯಾರಿಗೂ ಹೇಳದೆ. ಈ ಸಂಕಷ್ಟ ಹದಿನೈದು ವರ್ಷ ಮೊದಲೇ ದಿನಾಂಕ ಗೊತ್ತುಮಾಡಿಕೊಂಡು ಬಂದಿತ್ತು. ಇದಕ್ಕೆ ಫೆಡರೇಷನ್ ತಯಾರಿರಲಿಲ್ಲ, ಲೀಗ್ ತಯಾರಿರಲಿಲ್ಲ, ಕ್ಲಬ್ಬುಗಳೂ ತಯಾರಿರಲಿಲ್ಲ. ಹಾಗಿದ್ದೂ ಮೊದಲ ಏಟು ಬಿದ್ದದ್ದು ಕರಾರಿಗೆ ಸಹಿ ಹಾಕದ, ಕರಾರನ್ನು ಓದಿಯೂ ಇರದ ಜನಕ್ಕೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಹೆಸರಿಗೆ ಊರು, ವ್ಯವಹಾರಕ್ಕೆ ಅಲ್ಲ

ಇಂಥ ಹೊತ್ತಿನಲ್ಲಿ ಒಂದು ಕ್ಲಬ್ಬನ್ನು ಹಿಡಿದು ನಿಲ್ಲಿಸಬೇಕಾದದ್ದು ಅದರ ಊರು. ಭಾರತದ ಹೊಸ ಲೀಗ್‌ಗಳಲ್ಲಿ ಊರು ಇರುವುದು ಅಂಗಿಯ ಮೇಲೆ, ಮೂರು ಇಂಚಿನ ಲಾಂಛನದಲ್ಲಿ.

ಕಬಡ್ಡಿಯನ್ನೇ ನೋಡಿ. 2021ರ ಡಿಸೆಂಬರಿನಿಂದ 2022ರ ಫೆಬ್ರವರಿವರೆಗೆ ಪ್ರೊ ಕಬಡ್ಡಿಯ ಎಂಟನೇ ಆವೃತ್ತಿ ಪೂರ್ತಿ ನಡೆದದ್ದು ಬೆಂಗಳೂರಿನ ವೈಟ್‌ಫೀಲ್ಡಿನ ಒಂದು ಹೋಟೆಲಿನಲ್ಲಿ. ಗುಜರಾತ್ ಜೈಂಟ್ಸ್ ಅಲ್ಲೇ ಇತ್ತು, ಬೆಂಗಳೂರು ಬುಲ್ಸ್ ಅಲ್ಲೇ ಇತ್ತು, ನೋಡುವ ಜನ ಮಾತ್ರ ಇರಲಿಲ್ಲ. ಅದು ಸೋಂಕಿನ ಕಾಲ, ಒಪ್ಪಬಹುದು. ಆದರೆ 2024 ಮತ್ತು 2025ರ ಆವೃತ್ತಿಗಳು ಮೂರು–ನಾಲ್ಕು ಊರುಗಳಲ್ಲಿ ಮಾತ್ರ ನಡೆದವು, ಅದರಲ್ಲಿ ಬೆಂಗಳೂರೂ ಇರಲಿಲ್ಲ, ಅಹಮದಾಬಾದೂ ಇರಲಿಲ್ಲ. ರಗ್ಬಿಯ ಕತೆಯೂ ಇದೇ. 2025ರ ಜೂನಿನಲ್ಲಿ ಮೊದಲ ರಗ್ಬಿ ಪ್ರೀಮಿಯರ್ ಲೀಗ್ ನಡೆಯಿತು. ಬೆಂಗಳೂರು ಬ್ರೇವ್‌ಹಾರ್ಟ್ಸ್, ಚೆನ್ನೈ ಬುಲ್ಸ್, ಹೈದರಾಬಾದ್ ಹೀರೋಸ್ ಎಂದೆಲ್ಲ ಆರು ತಂಡ. ಎಲ್ಲ ಪಂದ್ಯಗಳೂ ಮುಂಬೈನ ಅಂಧೇರಿಯಲ್ಲಿ.

ಫುಟ್‌ಬಾಲಿನಲ್ಲಿ ಊರುಗಳೇ ಬಾಡಿಗೆ ಮನೆಗಳು. ದೆಹಲಿ ಡೈನಮೋಸ್ 2019ರಲ್ಲಿ ಸಾಮಾನು ಕಟ್ಟಿ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು. ಅದೇ ವರ್ಷ ಎಫ್‌ಸಿ ಪುಣೆ ಸಿಟಿ ಮುಚ್ಚಿ, ಅದರ ಜಾಗದಲ್ಲಿ ಹೈದರಾಬಾದ್ ಎಫ್‌ಸಿ ಬಂತು. ಹೈದರಾಬಾದ್ 2021–22ರಲ್ಲಿ ಐಎಸ್‌ಎಲ್ ಚಾಂಪಿಯನ್ ಆಯಿತು. ಎರಡೇ ವರ್ಷಗಳಲ್ಲಿ ಸಂಬಳ ಬಾಕಿ ಬಿದ್ದು, ಆಟಗಾರರು ಬಿಟ್ಟುಹೋಗಿ, ತಂಡ ಬೇರೆಯವರ ಕೈಸೇರಿತು. 2025ರಲ್ಲಿ ಅದು ದೆಹಲಿಗೆ ಹೋಗಿ ಸ್ಪೋರ್ಟಿಂಗ್ ಕ್ಲಬ್ ಡೆಲ್ಲಿ ಎಂದು ಹೆಸರು ಬದಲಿಸಿಕೊಂಡಿತು. ಕಪ್ ಗೆದ್ದ ಮೂರೂವರೆ ವರ್ಷದಲ್ಲಿ ಒಂದು ಊರಿನ ಕ್ಲಬ್ಬೇ ಇಲ್ಲವಾಯಿತು. ಹೈದರಾಬಾದಿನ ಅಭಿಮಾನಿಯನ್ನು ಯಾರೂ ಒಂದು ಮಾತು ಕೇಳಬೇಕಾಗಿರಲಿಲ್ಲ. ಕೇಳಬೇಕೆಂಬ ನಿಯಮವೇ ಇಲ್ಲ.

ಲೆಕ್ಕದ ಪುಸ್ತಕದಲ್ಲೂ ಊರಿಗೆ ಜಾಗ ಕಡಿಮೆ. 2020–21ರ ಐಎಸ್‌ಎಲ್ ಪೂರ್ತಿ ಗೋವಾದಲ್ಲಿ, ಖಾಲಿ ಮೈದಾನಗಳಲ್ಲಿ ನಡೆಯಿತು. ಮರುವರ್ಷವೂ ಗೋವಾದಲ್ಲೇ. ಎರಡು ಹಂಗಾಮು ಕಂಠೀರವ ಕ್ರೀಡಾಂಗಣದಲ್ಲಿ ಲೀಗಿನ ಒಂದು ಟಿಕೆಟೂ ಹರಿಯಲಿಲ್ಲ. ಆದರೂ ಲೀಗ್ ನಡೆಯಿತು, ಏಕೆಂದರೆ ಮಾಲೀಕರ ಕಿಸೆ ಮತ್ತು ಕೇಂದ್ರದಿಂದ ಬರುವ ಪಾಲು ನಿಂತಿರಲಿಲ್ಲ. 2025ರಲ್ಲಿ ಕಂಠೀರವ ಅಲ್ಲೇ ಇತ್ತು, ಜನ ಇದ್ದರು, ಪಶ್ಚಿಮದ ಗ್ಯಾಲರಿಯಲ್ಲಿ ನಿಂತು ಹಾಡುವ ವೆಸ್ಟ್ ಬ್ಲಾಕ್ ಬ್ಲೂಸ್ ಇತ್ತು. ಆದರೂ ಆಟ ನಿಂತಿತು, ಏಕೆಂದರೆ ಒಂದು ಕಾಗದದ ಅವಧಿ ಮುಗಿಯುತ್ತಿತ್ತು. ಜನ ಇಲ್ಲದಾಗ ನಡೆದು, ಜನ ಇದ್ದಾಗ ನಿಲ್ಲುವ ಆಟ ಯಾರದ್ದು? ಜನರದ್ದಂತೂ ಅಲ್ಲ.

ಕ್ರಿಕೆಟ್ ಇದಕ್ಕೆ ಹೊರತು ಎಂದು ಹೇಳುವವರಿದ್ದಾರೆ. ಹೊರತು ನಿಜ, ಆದರೆ ಕಾರಣ ವ್ಯವಸ್ಥೆಯ ಒಳ್ಳೆಯತನವಲ್ಲ, ಹಣದ ಗಾತ್ರ. 2023ರಿಂದ 2027ರ ಐಪಿಎಲ್ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು. 2025ರ ಆಗಸ್ಟಿನಲ್ಲಿ ಆನ್‌ಲೈನ್ ಹಣದಾಟಕ್ಕೆ ಕಾನೂನು ತಡೆ ಹಾಕಿ ಡ್ರೀಮ್ ಇಲೆವೆನ್ ಪ್ರಾಯೋಜಕತ್ವ ನಿಂತಾಗ, ಭಾರತ ಕ್ರಿಕೆಟ್ ತಂಡದ ಅಂಗಿಗೆ ಕೆಲವೇ ವಾರಗಳಲ್ಲಿ ಅಪೋಲೊ ಟೈರ್ಸ್ ಸಿಕ್ಕಿತು. ಹೊಳೆ ತುಂಬಿ ಹರಿಯುವಾಗ ದೋಣಿಯ ತೂತು ಗೊತ್ತಾಗುವುದಿಲ್ಲ ಎಂದುಕೊಳ್ಳುವುದು ಅಪಾಯ. ನೀರಿಳಿದ ಆಟಗಳಲ್ಲಿ ತೂತು ಎಲ್ಲರಿಗೂ ಕಾಣುತ್ತಿದೆ.

ಊರಿರುವ ಕ್ಲಬ್ಬುಗಳೂ ಮುಳುಗುತ್ತವೆ, ಆದರೆ

ರಗ್ಬಿ ಲೀಗಿನ ಊರುಗಳಿಗೆ ಮರಳಿ ಹೋದರೆ ಅಲ್ಲೇನೂ ರಾಮರಾಜ್ಯವಿಲ್ಲ. ಉಣ್ಣೆ ಗಿರಣಿಗಳ ಊರಾಗಿದ್ದ ಬ್ರಾಡ್‌ಫರ್ಡಿನ ಬುಲ್ಸ್ ಕ್ಲಬ್ಬು ನಾಲ್ಕು ಬಾರಿ ಸೂಪರ್ ಲೀಗ್ ಗೆದ್ದು, ಸಾಲದಲ್ಲಿ ಮುಳುಗಿ, 2017ರ ಜನವರಿಯಲ್ಲಿ ಮುಚ್ಚಿತು. 1873ರಲ್ಲಿ ಹುಟ್ಟಿದ ಸ್ಯಾಲ್‌ಫರ್ಡ್ ಕ್ಲಬ್ಬಿನ ಗತಿ 2025ರಲ್ಲಿ ಅದೇ ಆಯಿತು. ಹೊಸ ಮಾಲೀಕರು ಬಂದರು, ಸಂಬಳ ತಡವಾಯಿತು, ಆಟಗಾರರು ಒಬ್ಬೊಬ್ಬರಾಗಿ ಹೋದರು. ಫೆಬ್ರವರಿಯಲ್ಲಿ ಲೀಗಿನ ಮೊದಲ ಪಂದ್ಯದಲ್ಲೇ ಎಳೆಯರನ್ನು ಇಳಿಸಿ 82–0ರಿಂದ ಸೋತಿತು. ಡಿಸೆಂಬರ್ 3ರಂದು ಹೈಕೋರ್ಟ್ ಕಂಪನಿಯನ್ನು ಮುಚ್ಚಿಸಿತು. ಕೆನಡಾದ ಟೊರಾಂಟೊ ವುಲ್ಫ್‌ಪ್ಯಾಕ್ ಇನ್ನೊಂದು ಬಗೆಯದು. ಒಬ್ಬ ಶ್ರೀಮಂತ ಮಾಲೀಕರ ದುಡ್ಡಿನ ಮೇಲೆ ಎದ್ದಿದ್ದ ಆ ತಂಡ 2020ರ ಜುಲೈನಲ್ಲಿ, ಆಟಗಾರರ ಸಂಬಳ ಬಾಕಿ ಉಳಿಸಿಕೊಂಡು, ಹಂಗಾಮಿನ ನಡುವೆಯೇ ಹಿಂದೆ ಸರಿಯಿತು.

ವ್ಯತ್ಯಾಸ ಕಾಣುವುದು ಮುಳುಗಿದ ಮೇಲೆ. ಬ್ರಾಡ್‌ಫರ್ಡಿನಲ್ಲಿ ಕಂಪನಿ ಸತ್ತಿತು, ಕ್ಲಬ್ಬು ಸಾಯಲಿಲ್ಲ. ಹೊಸ ಕಂಪನಿ ಅದೇ ಹೆಸರಿನಲ್ಲಿ, ಹನ್ನೆರಡು ಅಂಕಗಳ ದಂಡ ಹೊತ್ತು, ಕೆಳಗಿನ ದರ್ಜೆಯಲ್ಲಿ ಮತ್ತೆ ಶುರು ಮಾಡಿತು. ಒಂಬತ್ತು ವರ್ಷಗಳ ಬಳಿಕ, 2026ಕ್ಕೆ, ಬುಲ್ಸ್ ಮತ್ತೆ ಸೂಪರ್ ಲೀಗಿಗೆ ಆಯ್ಕೆಯಾಯಿತು. ಸ್ಯಾಲ್‌ಫರ್ಡಿನಲ್ಲೂ ಕಂಪನಿ ಮುಚ್ಚಿದ ಕೂಡಲೇ ಕ್ಲಬ್ಬನ್ನು ಕೆಳದರ್ಜೆಯಲ್ಲಿ ಎಬ್ಬಿಸುವ ಕೆಲಸ ಶುರುವಾಯಿತು. ಊರಲ್ಲಿ ಬೇರಿಲ್ಲದ ಟೊರಾಂಟೊ ತಂಡ ಆ ಮಟ್ಟಕ್ಕೆ ಮರಳಲೇ ಇಲ್ಲ. ಅಜ್ಜ ನೋಡಿದ ಆಟವನ್ನು ಮೊಮ್ಮಗಳು ನೋಡುವ ಊರಿನಲ್ಲಿ ದಿವಾಳಿಯೂ ಕೊನೆಯಲ್ಲ. ಹೈದರಾಬಾದಿನಲ್ಲಿ ಕಪ್ ಗೆದ್ದರೂ ಕೊನೆಯೇ.

ಕೊರೊನಾ ಕಾಲದಲ್ಲಿ ಆ ಆಟ ಮಾಡಿದ ಎರಡು ಕೆಲಸಗಳೂ ಗಮನಿಸಬೇಕಾದವು. 2020ರ ಮೇ ಮೊದಲ ದಿನ ಬ್ರಿಟನ್ ಸರ್ಕಾರ ರಗ್ಬಿ ಲೀಗಿಗೆ 1.6 ಕೋಟಿ ಪೌಂಡ್ ತುರ್ತು ಸಾಲ ಘೋಷಿಸಿತು. ದಾನವಲ್ಲ, ಸಾಲ. ಕ್ಲಬ್ಬುಗಳು ಊರಿನ ಆಸ್ತಿ ಎಂಬುದೇ ಅದರ ಸಮರ್ಥನೆ. ಆಸ್ಟ್ರೇಲಿಯಾದಲ್ಲಿ ಲೀಗ್ ನಿಂತಾಗ ಆಟಗಾರರ ಸಂಘ ಮೇಜಿನ ಮುಂದೆ ಕೂತಿತ್ತು. ಎಷ್ಟು ಕಡಿತ, ಎಷ್ಟು ತಿಂಗಳು ಎಂದು ಮಾತಾಡಿಯೇ ಒಪ್ಪಂದವಾಯಿತು. ಮೇ 28ಕ್ಕೆ ಆಟ ಮತ್ತೆ ಶುರುವಾಯಿತು. ಅಲ್ಲೂ ಸಂಬಳ ಕಡಿಮೆಯಾಯಿತು. ಆದರೆ ಮಾತಾಡಿಕೊಂಡು ಕಡಿಮೆ ಮಾಡುವುದು ಬೇರೆ, ಪ್ರಕಟಣೆ ಹೊರಡಿಸಿ ನಿಲ್ಲಿಸುವುದು ಬೇರೆ.

ಮಾಲೀಕರ ವಾದ

ಮಾಲೀಕರ ಪರವಾದ ವಾದವೂ ಹಗುರವಲ್ಲ. ಹತ್ತು ವರ್ಷ ನಷ್ಟ ಹೊತ್ತು ತಂಡ ನಡೆಸಿದವರು ಅವರು. ಪಂದ್ಯವಿಲ್ಲದೆ ಆದಾಯವಿಲ್ಲ, ಆದಾಯವಿಲ್ಲದೆ ಸಂಬಳ ಎಲ್ಲಿಂದ ಎಂದು ಅವರು ಕೇಳುತ್ತಾರೆ. ಬೆಂಗಳೂರಿನಲ್ಲಿ ಜೆಎಸ್‌ಡಬ್ಲ್ಯೂ ಕಟ್ಟಿದ್ದನ್ನು ಅಲ್ಲಗಳೆಯುವುದು ಕೃತಘ್ನತೆ. ಆ ಸಂಸ್ಥೆ ಬರುವ ಮೊದಲು ಬೆಂಗಳೂರಿನ ಕಾರ್ಖಾನೆ ತಂಡಗಳು ಒಂದೊಂದಾಗಿ ಬಡವಾಗಿದ್ದವು. ಎಚ್‌ಎಎಲ್ ಐ–ಲೀಗಿಗೆ ಏರಿ, 2011–12ರಲ್ಲಿ ಕೆಳಗಿಳಿದು ಮರೆಯಾಯಿತು. ಮುಂಬೈನ ಮಹೀಂದ್ರ ಯುನೈಟೆಡ್ 2010ರಲ್ಲಿ, ಪಂಜಾಬಿನ ಬಟ್ಟೆ ಗಿರಣಿಯ ತಂಡ ಜೆಸಿಟಿ 2011ರಲ್ಲಿ ಬಾಗಿಲು ಹಾಕಿದವು. ಹಳೆಯದೆಲ್ಲ ಹೊನ್ನಾಗಿರಲಿಲ್ಲ.

ಆದರೆ ಆ ಕಾರ್ಖಾನೆ ತಂಡಗಳಲ್ಲಿ ಇದ್ದ ಒಂದು ಗುಣ ಇಂದಿನ ಹೊಳಪಿನಲ್ಲಿ ಇಲ್ಲ. ಎಚ್‌ಎಎಲ್, ಐಟಿಐಗಳಲ್ಲಿ ಕಾಯಂ ನೌಕರಿ ಪಡೆದು ಆಡಿದವರಿಗೆ ತಂಡ ಮುಳುಗಿದರೂ ಹಾಜರಿ ಪುಸ್ತಕದಲ್ಲಿ ಹೆಸರಿರುತ್ತಿತ್ತು. ಆಟದ ಅಪಾಯ ಸಂಸ್ಥೆಯದ್ದು, ಆಟಗಾರರದ್ದಲ್ಲ. ಇಂದಿನ ಒಪ್ಪಂದ ಇದನ್ನು ತಿರುಗಿಸಿದೆ. ಲಾಭ ಬಂದರೆ ಮಾಲೀಕರದ್ದು, ತಂಡದ ಬೆಲೆ ಏರಿದರೆ ಅದೂ ಅವರದ್ದೇ. ಗುಜರಾತ್ ಟೈಟನ್ಸ್ ತಂಡವನ್ನು 2021ರಲ್ಲಿ ಸಿವಿಸಿ ಕಂಪನಿ 5,625 ಕೋಟಿಗೆ ಕೊಂಡು, 2025ರಲ್ಲಿ ಅದರ 67 ಶೇಕಡಾ ಪಾಲನ್ನು ಅಹಮದಾಬಾದಿನ ಟೊರೆಂಟ್ ಸಮೂಹಕ್ಕೆ ಮಾರಿತು. ಆ ವ್ಯಾಪಾರದಲ್ಲಿ ಪಿಚ್ ನೋಡಿಕೊಳ್ಳುವವರಿಗೆ ಪಾಲು ಕೇಳಿದವರಿಲ್ಲ, ಕೇಳಬೇಕಾಗಿಯೂ ಇಲ್ಲ. ಲಾಭದಲ್ಲಿ ಪಾಲಿಲ್ಲದವರಿಗೆ ನಷ್ಟದಲ್ಲಿ ಮೊದಲ ಪಾಲು ಯಾಕೆ ಎಂಬುದಷ್ಟೇ ಪ್ರಶ್ನೆ.

ಆಟಗಾರರು ಕೋಟಿಗಳಲ್ಲಿ ದುಡಿಯುತ್ತಾರಲ್ಲ ಎನ್ನುವವರು ಛೆಟ್ರಿಯನ್ನು ನೋಡಿ ಮಾತಾಡುತ್ತಾರೆ. ಸಂಬಳದ ಪಟ್ಟಿಯಲ್ಲಿ ಛೆಟ್ರಿಯ ಹೆಸರಿನ ಕೆಳಗೆ ಹತ್ತೊಂಬತ್ತರ ಹುಡುಗನ ಮೊದಲ ಒಪ್ಪಂದವಿರುತ್ತದೆ, ಫಿಸಿಯೊ ಇರುತ್ತಾರೆ, ಬೂಟು–ಅಂಗಿ ಜೋಡಿಸಿಡುವವರು ಇರುತ್ತಾರೆ. ದೊಡ್ಡ ಆಟಗಾರರು ಆರು ತಿಂಗಳು ತಡೆದುಕೊಳ್ಳಬಹುದು. ಮನೆ ಬಾಡಿಗೆ, ಮಕ್ಕಳ ಶಾಲೆ ಫೀಸು ಕಟ್ಟಬೇಕಾದವರು ಆರು ವಾರವೂ ತಡೆಯಲಾರರು. ಮೇಲಾಗಿ ಆಟಗಾರರ ದುಡಿಮೆಯ ಆಯಸ್ಸು ಹತ್ತು–ಹನ್ನೆರಡು ವರ್ಷ. ಅದರಲ್ಲಿ ಅರ್ಧ ವರ್ಷ ತಿಂದುಹಾಕಿದರೆ ಯಾವ ಟೆಂಡರೂ ಮರಳಿ ಕೊಡುವುದಿಲ್ಲ.

ಕಟ್ಟಡಕ್ಕೆ ದುಡ್ಡಿದೆ

ಸರ್ಕಾರದ ಬಳಿ ಆಟಕ್ಕೆ ಹಣವಿಲ್ಲ ಎಂದು ಈಗ ಯಾರೂ ಹೇಳುವಂತಿಲ್ಲ. 2025ರ ಸೆಪ್ಟೆಂಬರಿನಲ್ಲಿ ಅಹಮದಾಬಾದಿನ ನಾರಣಪುರದಲ್ಲಿ ನೂರಾರು ಕೋಟಿಯ ವೀರ ಸಾವರ್ಕರ್ ಕ್ರೀಡಾ ಸಂಕೀರ್ಣ ಉದ್ಘಾಟನೆಯಾಯಿತು. ಅದೇ ಅಹಮದಾಬಾದಿನ ಮೊಟೇರಾದಲ್ಲಿ 1,32,000 ಮಂದಿ ಕೂರುವ, ಜಗತ್ತಿನ ಅತಿ ದೊಡ್ಡ ಕ್ರಿಕೆಟ್ ಕ್ರೀಡಾಂಗಣವಿದೆ. ನವೆಂಬರ್ 26ರಂದು 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ಎಂದು ತೀರ್ಮಾನವಾಯಿತು. ದೇಶದ ಫುಟ್‌ಬಾಲ್ ಲೀಗಿಗೆ ಒಬ್ಬ ಬಿಡ್‌ದಾರನೂ ಸಿಗದ ದಿನಕ್ಕೂ ಈ ಸಂಭ್ರಮಕ್ಕೂ ನಡುವೆ ಇದ್ದದ್ದು ಹತ್ತೊಂಬತ್ತು ದಿನ.

ಹನ್ನೊಂದು ದಿನದ ಕೂಟಕ್ಕೆ ಸಾವಿರ ಕೋಟಿಗಳ ಮಾತಾಡುವ ಪ್ರಭುತ್ವ, ವರ್ಷವಿಡೀ ವಾರಕ್ಕೊಮ್ಮೆ ಜನರನ್ನು ಕೂಡಿಸುವ ಕ್ಲಬ್ಬಿಗೆ ಒಂದು ತುರ್ತು ಸಾಲದ ಪೆಟ್ಟಿಗೆಯನ್ನೂ ಇಟ್ಟಿಲ್ಲ. ಕಟ್ಟಡಕ್ಕೆ ಶಿಲಾಫಲಕ ಹಾಕಬಹುದು, ಸಂಬಳಕ್ಕೆ ಹಾಕಲಾಗದು. ಅಹಮದಾಬಾದಿನಿಂದ ರೈಲಿನಲ್ಲಿ ಕೆಲವೇ ಗಂಟೆ ದಕ್ಷಿಣಕ್ಕಿರುವ ಉಧ್ನಾದ ಜನ ಹಡರ್ಸ್‌ಫೀಲ್ಡ್, ಬ್ರಾಡ್‌ಫರ್ಡ್, ಸ್ಯಾಲ್‌ಫರ್ಡ್‌ಗಳ ಜನ ಮಾಡುತ್ತಿದ್ದ ಕೆಲಸವನ್ನೇ ಮಾಡುತ್ತಾರೆ. ಅಲ್ಲಿ ಗಿರಣಿಗಳು ಕ್ಲಬ್ಬುಗಳನ್ನು ಹುಟ್ಟಿಸಿದವು. ಇಲ್ಲಿ ದೇಶದ ಯಾವ ದೊಡ್ಡ ಲೀಗಿನ ಅಂಗಿಯ ಮೇಲೂ ಉಧ್ನಾದ ಹೆಸರಿಲ್ಲ. ಅಲ್ಲಿ ದುಡಿಯುವ ಒಡಿಯಾ ಹುಡುಗ ತನ್ನದೆಂದು ಹೇಳಿಕೊಳ್ಳಬಹುದಾದ ಒಡಿಶಾ ಎಫ್‌ಸಿಯೋ, ಹೆಸರು ಬಿಟ್ಟರೆ ಉಳಿದುದಕ್ಕೆಲ್ಲ ದೆಹಲಿಯಿಂದ ಬಂದದ್ದು, ಸಂಕಷ್ಟ ಬಂದ ಮೊದಲ ತಿಂಗಳೇ ಒಪ್ಪಂದಗಳನ್ನು ಅಮಾನತಿನಲ್ಲಿಟ್ಟದ್ದು.

ಏನು ಬರೆಯಬೇಕು

ಮುಂದಿನ ದೀರ್ಘಾವಧಿ ಕರಾರನ್ನು ಯಾರ ಜೊತೆಗಾದರೂ ಫೆಡರೇಷನ್ ಬರೆಯಲೇಬೇಕು. ಎಷ್ಟು ಕೋಟಿ ಎಂಬ ಒಂದೇ ಅಂಕಿಯ ಸುತ್ತ ಚರ್ಚೆ ನಡೆದರೆ ಮತ್ತೆ ಹದಿನೈದು ವರ್ಷಕ್ಕೆ ಇದೇ ಸಾಲು. ಅದರ ಬದಲು ನಾಲ್ಕು ಷರತ್ತು ಬೇಕು.

ಮೊದಲನೆಯದು, ಇಡಗಂಟು. ಹಂಗಾಮು ಶುರುವಾಗುವ ಮೊದಲೇ ಪ್ರತಿ ಕ್ಲಬ್ಬು ಆಟಗಾರರ ಮತ್ತು ಸಿಬ್ಬಂದಿಯ ಆರು ತಿಂಗಳ ಸಂಬಳವನ್ನು ಮುಟ್ಟಲಾಗದ ಖಾತೆಯಲ್ಲಿಡಲಿ. ಲೀಗ್ ನಿಂತರೆ ಆ ಖಾತೆಯಿಂದ ಸಂಬಳ ಹೋಗಲಿ, ಕಡಿಮೆ ಸಂಬಳದವರಿಗೆ ಮೊದಲು. ಇಷ್ಟು ಹಣ ಇಡಲಾಗದ ಕ್ಲಬ್ಬು ಅಷ್ಟು ದೊಡ್ಡ ಒಪ್ಪಂದಗಳಿಗೆ ಸಹಿ ಹಾಕುವುದೇ ಬೇಡ. ಇದರಿಂದ ವಿದೇಶಿ ಆಟಗಾರರ ಮೇಲಿನ ಖರ್ಚು ಇಳಿದರೆ ಇಳಿಯಲಿ.

ಎರಡನೆಯದು, ಮೇಜು. ಸಂಬಳ ಕಡಿತವಾಗಲಿ, ಹಂಗಾಮು ಮುಂದೂಡುವುದಾಗಲಿ ಆಟಗಾರರ ಸಂಘದ ಸಹಿಯಿಲ್ಲದೆ ಆಗಬಾರದು. ಆ ಸಂಘದಲ್ಲಿ ಸಿಬ್ಬಂದಿಗೂ ಜಾಗವಿರಬೇಕು. ಫಿಫಾಗೆ ವಿಡಿಯೊ ಕಳಿಸಿ ಮೊರೆಯಿಡುವ ಸ್ಥಿತಿ ಭಾರತದ ನಾಯಕನಾಗಿದ್ದವರಿಗೇ ಬಂತೆಂದರೆ, ದೇಶದೊಳಗೆ ಅವರ ಮಾತು ಕೇಳುವ ಜಾಗವೇ ಇರಲಿಲ್ಲ ಎಂದರ್ಥ.

ಮೂರನೆಯದು, ಊರಿನ ಸಹಿ. ಕ್ಲಬ್ಬಿನ ಬಂಡವಾಳ ಮಾಲೀಕರದ್ದೇ ಇರಲಿ. ಆದರೆ ಹೆಸರು, ಬಣ್ಣ, ಲಾಂಛನ, ತವರು ಮೈದಾನ ಈ ನಾಲ್ಕನ್ನು ಅಭಿಮಾನಿಗಳ ನೋಂದಾಯಿತ ಸಂಘದ ಒಪ್ಪಿಗೆಯಿಲ್ಲದೆ ಬದಲಿಸುವಂತಿಲ್ಲ ಎಂಬ ನಿಯಮ ಬೇಕು. ಜರ್ಮನಿಯ ಫುಟ್‌ಬಾಲಿನಲ್ಲಿ ಕ್ಲಬ್ಬಿನ ಅರ್ಧಕ್ಕಿಂತ ಹೆಚ್ಚು ಮತ ಸದಸ್ಯರ ಕೈಯಲ್ಲೇ ಉಳಿಯಬೇಕು ಎಂಬುದು ಸಾಮಾನ್ಯ ನಿಯಮ. ಅಷ್ಟು ದೂರ ಹೋಗಲಾಗದಿದ್ದರೂ, ಊರು ಬಿಟ್ಟು ಓಡದಂತೆ ತಡೆಯುವಷ್ಟಾದರೂ ಹಕ್ಕು ಊರಿಗಿರಲಿ. ತವರಿನಲ್ಲಿ ಆಡದ ತಂಡಕ್ಕೆ ಆ ಊರಿನ ಹೆಸರು ಇಟ್ಟುಕೊಳ್ಳುವ ಹಕ್ಕೂ ಇರಬಾರದು.

ನಾಲ್ಕನೆಯದು, ಸರ್ಕಾರದ ಸಾಲನಿಧಿ. ದಾನ ಬೇಡ, ಮನ್ನಾ ಬೇಡ. ಸಂಕಷ್ಟದ ವರ್ಷದಲ್ಲಿ ಷರತ್ತಿನ ಸಾಲ. ಮೇಲಿನ ಮೂರು ನಿಯಮ ಪಾಲಿಸಿದ ಕ್ಲಬ್ಬಿಗೆ ಮಾತ್ರ. ಕ್ರೀಡಾಂಗಣದ ಹಣದ ಒಂದು ಸಣ್ಣ ಚೂರು ಸಾಕು.

ಇದೆಲ್ಲ ಕನಸು ಎನ್ನುವವರು ಕರ್ನಾಟಕದ ಒಂದು ಸಂಗತಿ ನೆನೆಯಬೇಕು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು, 54 ವರ್ಷಗಳ ನಂತರ. ಸಂತೋಷ್ ಟ್ರೋಫಿ ಕೋಟಿಗಳ ಆಟವಲ್ಲ. ಐಎಸ್‌ಎಲ್‌ನ ದೊಡ್ಡ ಹೆಸರುಗಳಿಲ್ಲದೆಯೇ ಆ ಗೆಲುವು ಬಂತು. ಆಡುವವರು ಇಲ್ಲಿ ಇದ್ದಾರೆ, 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದಾಗಲೂ ಇದ್ದರು. ನೋಡುವವರೂ ಇದ್ದಾರೆ. ಇಲ್ಲದಿರುವುದು ಇವರಿಬ್ಬರನ್ನೂ ಪಾಲುದಾರರೆಂದು ಬರೆದ ಒಂದು ಕಾಗದ.

1895ರಲ್ಲಿ ಹಡರ್ಸ್‌ಫೀಲ್ಡಿನ ಕ್ಲಬ್ಬುಗಳು ಆಳುವವರ ಒಪ್ಪಿಗೆಗೆ ಕಾಯಲಿಲ್ಲ, ಆರು ಶಿಲಿಂಗಿನ ನಿಯಮವನ್ನು ತಾವೇ ಬರೆದುಕೊಂಡವು. ಭಾರತದ ಹದಿನಾಲ್ಕು ಕ್ಲಬ್ಬುಗಳಿಗೂ ಕೇಂದ್ರದ ಅಪ್ಪಣೆ ಬೇಕಿಲ್ಲ. ಇಡಗಂಟಿನ ನಿಯಮವನ್ನು ಅವು ನಾಳೆಯೇ ಒಟ್ಟಾಗಿ ಬರೆಯಬಹುದು. ಬರೆಯುವುದಿಲ್ಲ ಎಂದಾದರೆ, ಮುಂದಿನ ಸಲ ಲೀಗ್ ನಿಂತಾಗ ನಾವೂ ಸಂಕಷ್ಟದಲ್ಲಿದ್ದೇವೆ ಎಂಬ ಅವುಗಳ ಮಾತನ್ನು ಯಾರೂ ನಂಬಬೇಕಾಗಿಲ್ಲ.